ಬೈಕ್‌ಗೆ ಗಾಡಿ ಗುದ್ದಿದರೆ ಪರಿಹಾರ ಕೇಳುವುದು ಹೇಗೆ?

ಆಸ್ಪತ್ರೆಗೆ ಕರೆತಂದವರು ಗಾಬರಿಯಲ್ಲಿ ‘ಬೈಕಿಂದ ಬಿದ್ದುಬಿಟ್ಟ ಸಾರ್’ ಅಂದುಬಿಡುತ್ತಾರೆ. ಡ್ಯೂಟಿ ಡಾಕ್ಟರ್ ಎಂಎಲ್‌ಸಿ ಪುಸ್ತಕದಲ್ಲಿ (ಪೊಲೀಸ್ ಕೇಸ್ ಆಗಬಹುದಾದ ಗಾಯಗಳನ್ನು ಆಸ್ಪತ್ರೆ ದಾಖಲಿಸುವ ಪುಸ್ತಕ) ಅದನ್ನೇ ಬರೆದುಕೊಳ್ಳುತ್ತಾರೆ. ಮುಂದೆ ಕೋರ್ಟಿನಲ್ಲಿ ವಿಮಾ ಕಂಪನಿಯ ವಕೀಲರು ಹಿಡಿದುಕೊಳ್ಳುವುದು ಆ ಒಂದು ಸಾಲನ್ನೇ. ತಾನಾಗಿ ಬಿದ್ದವನಿಗೆ ನಾವ್ಯಾಕೆ ಕೊಡಬೇಕು ಅಂತ! ಹಾಗಾಗಿ ಯಾವ ಗಾಡಿ, ಎಲ್ಲಿ, ಹೇಗೆ ಗುದ್ದಿತು ಎಂದು ಆಸ್ಪತ್ರೆಯಲ್ಲೇ ಹೇಳಿ ಬರೆಸಿ.

ಆಮೇಲೆ ಪೊಲೀಸ್ ಠಾಣೆ. ‘ರಿಪೇರಿ ದುಡ್ಡು ಕೊಡ್ತೀನಿ, ಕೇಸ್ ಯಾಕೆ?’ ಎಂಬ ಮಾತಿಗೆ ಸುಮ್ನೆ ತಲೆಯಾಡಿಸಬೇಡಿ. ದೂರು ತಡವಾದಷ್ಟೂ ಅನುಮಾನ ಜಾಸ್ತಿ. ಎಫ್‌ಐಆರ್, ಸ್ಥಳ ಮಹಜರು, ಗಾಡಿ ತಪಾಸಣೆ ವರದಿ, ವೂಂಡ್ ಸರ್ಟಿಫಿಕೇಟ್ (ಗಾಯದ ಬಗ್ಗೆ ಡಾಕ್ಟರ್ ಕೊಡುವ ಪತ್ರ), ಚಾರ್ಜ್‌ಶೀಟ್ ಎಲ್ಲದರ ನಕಲು ಬೇಕು. ಮೆಡಿಕಲ್ ಶಾಪ್‌ನ ಸಣ್ಣ ಬಿಲ್ಲನ್ನೂ ಬಿಸಾಡಬೇಡಿ.

1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಅಡಿ ಅರ್ಜಿ ಹಾಕಬೇಕು. ಬೆಂಗಳೂರಾದರೆ ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ. ಅಪಘಾತ ಬೇರೆ ಊರಲ್ಲಿ ಆಗಿದ್ದರೂ ನೀವು ವಾಸವಿರುವ ಕಡೆಯೇ ಹಾಕಬಹುದು. ಗುದ್ದಿದ ಗಾಡಿಯ ಮಾಲೀಕ, ವಿಮಾ ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಸೇರಿಸಿ. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಅರ್ಜಿ ಹಾಕಲು ಅಪಘಾತವಾದ ದಿನದಿಂದ 6 ತಿಂಗಳ ಗಡುವಿದೆ. ಕಾಲಿನ ಬ್ಯಾಂಡೇಜ್ ಬಿಚ್ಚಲಿ ಅಂತ ಕಾಯಬೇಡಿ.

ಎಷ್ಟು ಸಿಗುತ್ತದೆ? ತಿಂಗಳಿಗೆ 15,000 ದುಡಿಯುವ 30 ವರ್ಷದವರು ಎಂದುಕೊಳ್ಳಿ. ವರ್ಷಕ್ಕೆ 1,80,000. ಆ ವಯಸ್ಸಿಗೆ 17ರಿಂದ ಗುಣಿಸುತ್ತಾರೆ. ಬಂದ 30,60,000ರಲ್ಲಿ ಅಂಗವೈಕಲ್ಯದ ಪಾಲು 15% ಆದರೆ 4,59,000. ಇದು ಮುಂದಿನ ದುಡಿಮೆಯ ನಷ್ಟ ಮಾತ್ರ. ಆಸ್ಪತ್ರೆ ಖರ್ಚು, ನೋವು, ಕೆಲಸ ತಪ್ಪಿದ ದಿನಗಳ ಲೆಕ್ಕ ಬೇರೆ. ಎಡವಟ್ಟಾಗುವುದು ಶೇಕಡಾವಾರಿನಲ್ಲೇ. ಡಾಕ್ಟರ್ ‘ಕಾಲಿಗೆ 45%’ ಎಂದು ಬರೆದರೆ ಕೋರ್ಟು ಇಡೀ ದೇಹಕ್ಕೆ ಅದನ್ನು 15%ಗೆ ಇಳಿಸಬಹುದು. ಆದರೆ ಗಾರೆ ಕೆಲಸದವನ ಕಾಲೂ ಕುರ್ಚಿಯಲ್ಲಿ ಕೂತು ದುಡಿಯುವವನ ಕಾಲೂ ಒಂದೇ ಅಲ್ಲ, ಅಲ್ವಾ? ನಿಮ್ಮ ಕೆಲಸ ಏನೆಂದು ಸಾಕ್ಷಿ ಸಮೇತ ತೋರಿಸಿ.

ಗುದ್ದಿದ ಗಾಡಿ ಯಾವುದೆಂದೇ ಗೊತ್ತಾಗದಿದ್ದರೆ ಸರ್ಕಾರದ ಯೋಜನೆಯಲ್ಲಿ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿ. ಅರ್ಜಿ ಕೋರ್ಟಿಗಲ್ಲ, ಕಂದಾಯ ಅಧಿಕಾರಿಗೆ.

ಲೋಕ ಅದಾಲತ್‌ನಲ್ಲಿ ರಾಜಿಯಾದರೆ ದುಡ್ಡು ಬೇಗ ಬರುತ್ತದೆ, ಆದರೆ ಆಮೇಲೆ ಮೇಲ್ಮನವಿ ಇಲ್ಲ. ಸಹಿ ಹಾಕುವ ಮುಂಚೆ ಒಂದು ಕೇಳಿ: ಕಾಲಿಗೆ ಹಾಕಿರುವ ರಾಡ್ ತೆಗೆಸುವ ಆಪರೇಷನ್ ಖರ್ಚು ಇದರಲ್ಲಿ ಸೇರಿದೆಯಾ?