ಗೋಡೆಯ ಸುಣ್ಣ ಕೆರೆದವರು ಯಾರು?

ಸ್ಟೋರಿನ ಗೋಡೆಗೆ ಆಗಷ್ಟೇ ಹೊಡೆಸಿದ್ದ ಸುಣ್ಣದ ಮೇಲೆ ಡೊಂಕುಡೊಂಕು ಗೀರು ಕಂಡಾಗ ಮಕ್ಕಳ ಕಿತಾಪತಿ ಅಂದುಕೊಂಡೆ. ರಾತ್ರಿ ಟಾರ್ಚ್ ಬಿಟ್ಟು ನೋಡಿದರೆ, ಗೇಣುದ್ದಕ್ಕೆ ತುಸು ಕಮ್ಮಿಯ ಶಂಖ ಹೊತ್ತ ಹುಳು ಗೋಡೆಗೆ ಬಾಯಿ ಹಚ್ಚಿ ಮೇಯುತ್ತಿದೆ. ಚಿಪ್ಪು ಬೆಳೆಯಲು ಅದಕ್ಕೂ ಸುಣ್ಣ ಬೇಕಲ್ಲ.

ಇದು ಆಫ್ರಿಕಾದ ದೈತ್ಯ ಬಸವನಹುಳು. 1847ರಲ್ಲಿ ಬೆನ್ಸನ್ ಎಂಬ ಬ್ರಿಟಿಷರವನು ಮಾರಿಷಸ್‌ನಿಂದ ತಂದು ಕಲ್ಕತ್ತೆಯ ತೋಟವೊಂದರಲ್ಲಿ ಬಿಟ್ಟದ್ದು. ಕೊಡಗಿನ ಶನಿವಾರಸಂತೆ ಕಡೆಯ ನಮ್ಮ ಕಾಫಿ ತೋಟಕ್ಕೆ ನರ್ಸರಿ ಗಿಡದ ಮಣ್ಣಿನ ಜೊತೆ ಬಂತು ಅನ್ನೋದು ನನ್ನ ಗುಮಾನಿ. ಎಳೆ ಕಾಫಿ ಗಿಡದ ಸಿಪ್ಪೆ, ಮೆಣಸಿನ ಬಳ್ಳಿ, ಬಾಳೆಕಂದು, ಪಪ್ಪಾಯ, ಯಾವುದನ್ನೂ ಬಿಡಲಿಲ್ಲ.

ಮೊದಲು ಮಾಡಿದ್ದೆಲ್ಲ ತಪ್ಪೇ. ಹಿಡಿದು ಹಳ್ಳದಾಚೆ ಎಸೆದೆ, ಅಲ್ಲೂ ಸಂಸಾರ ಹೂಡಿದವು. ಆಮೇಲೆ ಬಸವನಹುಳು ಕೊಲ್ಲುವ ವಿಷ, ಮೆಟಾಲ್ಡಿಹೈಡ್ ಗುಳಿಗೆ ಚೆಲ್ಲಿದೆ. ನಮ್ಮ ನಾಯಿ ಅದನ್ನು ತಿಂದು ನಡುಗುತ್ತಾ ಬಿತ್ತು. ಡಾಕ್ಟರ ಹತ್ತಿರ ಓಡಿ ಹೇಗೋ ಉಳಿಸಿಕೊಂಡೆವು. ಆವತ್ತಿನಿಂದ ಗುಳಿಗೆ ಮನೆಗೆ ತಂದಿಲ್ಲ.

ಈಗ ಮಾಡೋದು ಇಷ್ಟು. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮೊದಲ ಮಳೆ, ಬಿದ್ದ ಸಂಜೆಯೇ ಗೋಣಿಚೀಲ ನೆನೆಸಿ ಗಿಡದ ಸಾಲಿನಲ್ಲಿ ಹಾಸಿ, ಕೆಳಗೆ ಪಪ್ಪಾಯ ಎಲೆ, ಕೋಸಿನ ಸಿಪ್ಪೆ ಇಡುತ್ತೇನೆ. ಬೆಳಿಗ್ಗೆ ಬಿಸಿಲೇರುವ ಮುನ್ನ ಚೀಲ ಎತ್ತಿದರೆ ಅಡಿಗೆ ಅಂಟಿಕೊಂಡು ಮಲಗಿರುತ್ತವೆ. ಮೊದಲ ವರ್ಷ ಒಂದೇ ಬೆಳಿಗ್ಗೆ ಎರಡು ಬಕೆಟ್! ಬರಿಗೈಲಿ ಮುಟ್ಟಬೇಡಿ, ಮಿದುಳಿಗೆ ಏರುವ ಜಂತು ಇದರ ಮೈಯಲ್ಲಿರಬಹುದು. ಕೈಗವಸು ಹಾಕಿ, ಗಟ್ಟಿ ಉಪ್ಪುನೀರಿನ ಡ್ರಮ್ಮಿಗೆ ಹಾಕಿ, ಸತ್ತ ಮೇಲೆ ತೋಟದಿಂದಾಚೆ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಉಪ್ಪನ್ನು ಗಿಡದ ಬುಡಕ್ಕೆ ಎರಚಿದರೆ ಹುಳುವಿಗಿಂತ ಮುಂಚೆ ಗಿಡ ಹೋಗುತ್ತದೆ.

ಬೇಸಿಗೆಯಲ್ಲಿ ಇನ್ನೊಂದು ಸುತ್ತು. ಆಗ ಅವು ಚಿಪ್ಪಿನ ಬಾಯಿಗೆ ಬಿಳಿ ಮುಚ್ಚಳ ಹಾಕಿಕೊಂಡು ಕಲ್ಲಿನ ಸಂದಿ, ತರಗೆಲೆಯಡಿ ನಿದ್ದೆಯಲ್ಲಿರುತ್ತವೆ. ಓಡಿಹೋಗುವ ಮಾತೇ ಇಲ್ಲ. ಮಳೆಗಾಲದಲ್ಲಿ ಬುಡ ಕೆದಕುವಾಗ ಕಾಳುಮೆಣಸಿನಷ್ಟು ದಪ್ಪದ ಹಳದಿ ಮಿಶ್ರಿತ ಬಿಳಿ ಮೊಟ್ಟೆಗಳ ಗುಂಪು ಸಿಕ್ಕರೆ ಅದೂ ಡ್ರಮ್ಮಿಗೇ. ಒಂದೊಂದು ಗುಂಪಿನಲ್ಲಿ ನೂರಕ್ಕೂ ಮೇಲೆ. ಮೇಲಾಗಿ ಈ ಹುಳುವಿನಲ್ಲಿ ಗಂಡು ಹೆಣ್ಣು ಎರಡೂ ಒಂದೇ ದೇಹದಲ್ಲಿ, ಹಾಗಾಗಿ ಬೆಳೆದ ಪ್ರತಿ ಹುಳುವೂ ಮೊಟ್ಟೆ ಇಡಬಲ್ಲದು.

ಮೂರನೇ ವರ್ಷಕ್ಕೆ ನಮ್ಮ ತೋಟದ ನಡುವೆ ಅರ್ಧ ಬಕೆಟ್ಟೂ ತುಂಬುತ್ತಿಲ್ಲ. ತೊಂದರೆ ಇರೋದು ಬೇಲಿ ಸಾಲಿನಲ್ಲಿ. ಪಕ್ಕದ ತೋಟ ಪಾಳು ಬಿದ್ದಿದೆ, ಯಜಮಾನರು ಬೆಂಗಳೂರಿನಲ್ಲಿ. ಫೋನ್ ಮಾಡಿದರೆ, "ಹುಳ ತಾನೇ, ಮಳೆ ನಿಂತರೆ ಹೋಗುತ್ತೆ ಬಿಡಿ" ಅಂದರು. ಅವರ ಕಡೆಯ ಎರಡು ಸಾಲಿಗೂ ಈಗ ನನ್ನದೇ ಗೋಣಿಚೀಲ.