ಕಿವಿ ಮೊರೆತಕ್ಕೆ ಸದ್ದಿನ ಸಾಧನ: ನಾನು ಹೊಂದಿಸುವ ಬಗೆ

ಕೊಡಗಿನಲ್ಲಿ ಕಿವಿ ಮೊರೆತವೆಂದು, ಅಂದರೆ ಹೊರಗೆ ಸದ್ದಿಲ್ಲದಿದ್ದರೂ ಕಿವಿಯಲ್ಲಿ ಸದ್ದು ಕೇಳಿಸುತ್ತದೆಂದು, ಬರುವವರನ್ನು ಮೊದಲು ಕೇಳುವುದು ಕೆಲಸದ ಬಗ್ಗೆ. ತೋಟದಲ್ಲಿ ಕಳೆ ಕತ್ತರಿಸುವ ಯಂತ್ರ, ಮರ ಕೊಯ್ಯುವ ಯಂತ್ರ, ಕೋವಿ, ಆನೆ ಓಡಿಸುವ ಪಟಾಕಿ, ಎಲ್ಲವೂ ಒಳಗಿವಿಗೆ ಪೆಟ್ಟು ಕೊಡುವಂಥವೇ. ಆಮೇಲೆ ಗುಗ್ಗೆ ಕಟ್ಟಿದೆಯೇ ನೋಡಿ, 250ರಿಂದ 8000 ಹರ್ಟ್ಸ್‌ವರೆಗೆ ಶ್ರವಣ ಪರೀಕ್ಷೆ ಮಾಡುತ್ತೇನೆ. ಮೊರೆತ ಒಂದೇ ಕಿವಿಯಲ್ಲಿದ್ದರೆ ಅಥವಾ ನಾಡಿಯ ಲಯದಲ್ಲಿ ಬಡಿಯುತ್ತಿದ್ದರೆ ಇಎನ್‌ಟಿ ವೈದ್ಯರು ನೋಡಿದ ಮೇಲೆಯೇ ಮುಂದಿನ ಮಾತು. ಕಿವಿ ದಿಢೀರನೆ ಮಂದವಾಗಿದ್ದರೆ ಅದೇ ದಿನ ಕಳಿಸುತ್ತೇನೆ. ಅದಕ್ಕೆ ಸ್ಟೀರಾಯ್ಡ್ ಬೇಗ ಶುರುವಾಗಬೇಕು, ಎರಡು ವಾರ ದಾಟಿದರೆ ಫಲ ಕಡಿಮೆ.

ಕಿವಿ ಮಂದ ಇದ್ದವರಿಗೆ ಸದ್ದು ಹೊರಡಿಸುವ ಸೌಲಭ್ಯವಿರುವ ಶ್ರವಣ ಸಾಧನವನ್ನೇ ಆರಿಸುತ್ತೇನೆ, ಕಿವಿಯೊಳಗೆ ಕೂರುವ ತುದಿಗೆ ತೂತಿರುವ ಮೆತ್ತನೆಯ ಡೋಮ್ (ಟೋಪಿ) ಹಾಕಿ. ಕಿವಿ ಪೂರ್ತಿ ಮುಚ್ಚಿದರೆ ಹೊರಗಿನ ಸದ್ದು ಕಡಿಮೆಯಾಗಿ ಮೊರೆತ ಇನ್ನೂ ಎದ್ದು ಕೇಳಿಸುತ್ತದೆ.

ಮುಖ್ಯವಾದ ಕೆಲಸ ಸದ್ದಿನ ಮಟ್ಟ ಹೊಂದಿಸುವುದು. ಸೊನ್ನೆಯಿಂದ ಮೆಲ್ಲಗೆ ಏರಿಸುತ್ತ ಹೋಗಿ, ಅದು ಮೊರೆತದೊಡನೆ ಬೆರೆಯತೊಡಗುವ ಜಾಗಕ್ಕಿಂತ ತುಸು ಕೆಳಗೆ ನಿಲ್ಲಿಸುತ್ತೇನೆ. ಎರಡೂ ಕೇಳಿಸುತ್ತಿರಬೇಕು. ಮೊರೆತವನ್ನು ಮುಳುಗಿಸಿಬಿಟ್ಟರೆ ಆ ಹೊತ್ತಿಗೆ ಹಾಯೆನಿಸುತ್ತದೆ, ನಿಜ. ಆದರೆ ಕೇಳಿಸದ್ದಕ್ಕೆ ಮೆದುಳು ಒಗ್ಗಿಕೊಳ್ಳುವುದು ಹೇಗೆ? ಕಿವಿ ಮೊರೆತದ ಸಂಶೋಧಕ ಪಾವೆಲ್ ಜಾಸ್ಟ್ರೆಬಾಫ್ 1990ರಲ್ಲಿ ಮಂಡಿಸಿದ ಮಾದರಿಯ ಮೇಲೆ ನಿಂತ ಚಿಕಿತ್ಸೆಯ ತಿರುಳು ಇದೇ. ದಿನಕ್ಕೆ ಆರರಿಂದ ಎಂಟು ಗಂಟೆ ಹಾಕಿಕೊಳ್ಳಬೇಕು, ತಿಂಗಳುಗಟ್ಟಲೆ. ಸಾಧನ ಮೊರೆತವನ್ನು ಅಳಿಸುವುದಿಲ್ಲ, ಅದರ ಕಾಟವನ್ನು ತಗ್ಗಿಸುತ್ತದೆ. ಇದನ್ನು ಕೂತು ಬಿಡಿಸಿ ಹೇಳದೆ ಬರಿಯ ಸಾಧನ ಕೊಟ್ಟು ಕಳಿಸುವುದು ನನಗೆ ಸರಿ ಕಾಣುವುದಿಲ್ಲ.

ನಮ್ಮ ಮಳೆಗಾಲ ಬೇರೆಯದೇ ತೊಡಕು ತರುತ್ತದೆ. ಹೆಂಚಿನ ಮೇಲೆ ಹಗಲಿರುಳು ಸುರಿಯುವ ಮಳೆ ತಾನೇ ಮೊರೆತವನ್ನು ಮುಚ್ಚುವುದರಿಂದ, ವಾಸಿಯಾಯಿತೆಂದು ಸಾಧನ ತೆಗೆದಿಡುವವರಿದ್ದಾರೆ. ಡಿಸೆಂಬರಿನ ನಿಶ್ಶಬ್ದ ರಾತ್ರಿಗಳಲ್ಲಿ ಅದು ಮತ್ತೆ ಕೇಳಿಸುತ್ತದೆ. ಇನ್ನು ಕೆಲವರು ಮಳೆಯ ಸದ್ದಿಗೆ ಪೈಪೋಟಿಯಾಗಿ ಮಟ್ಟ ಏರಿಸುತ್ತಾರೆ. ಹಾಗಾಗಿ ಮಟ್ಟವನ್ನು ಸದ್ದಿಲ್ಲದ ಕೋಣೆಯಲ್ಲೇ ಹೊಂದಿಸಿ, ಮಳೆ ನಿಂತ ಮೇಲೆ ಇನ್ನೊಮ್ಮೆ ನೋಡುತ್ತೇನೆ.

ತೇವದಿಂದ ಸಾಧನ ಕೆಡುವುದೂ ಹೆಚ್ಚು. ರಾತ್ರಿ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಬೇಕು, ಬ್ಯಾಟರಿ ತೆಗೆದು. ಗಾಳಿ ಎಳೆದುಕೊಂಡು ನಡೆಯುವ ಜಿಂಕ್ ಏರ್ ಬ್ಯಾಟರಿ ಅಲ್ಲಿ ಒಣಗಿಹೋಗುತ್ತದೆ. ಹೊಸ ಬ್ಯಾಟರಿಯ ಸ್ಟಿಕ್ಕರ್ ಕಿತ್ತ ಮೇಲೆ ಗಾಳಿಯಾಡಲು ಎರಡು ನಿಮಿಷ ಬಿಟ್ಟು ಹಾಕಿ.

ಮಲಗುವಾಗ ಫ್ಯಾನ್ ಹಾಕಿ ಎನ್ನುವ ಸಲಹೆ ಇಲ್ಲಿನ ಚಳಿಗೆ ನಡೆಯದು, ಕರೆಂಟೂ ಹೋಗುತ್ತಿರುತ್ತದೆ. ಚಾರ್ಜ್ ಆಗುವ ಸಣ್ಣ ಸ್ಪೀಕರ್‌ನಲ್ಲಿ ಹೊಳೆಯ ಸದ್ದನ್ನು ತಗ್ಗಿಸಿ ಇಡಿ. ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ, ನಡುವೆ ಜಾಹೀರಾತು ಬಂದರೆ ನಿದ್ದೆ ಕೆಡುತ್ತದೆ.

ಎಷ್ಟು ಗುಣವಾಗಿದೆ ಎಂದು ಅಳೆಯಲು, ಮೊರೆತದ ಕಾಟವನ್ನು ಕೇಳುವ 25 ಪ್ರಶ್ನೆಗಳ ಟಿಎಚ್‌ಐ ಪಟ್ಟಿ ಸಾಕು. ಅಂಕ ನೂರಕ್ಕೆ, ಹೆಚ್ಚಿದಷ್ಟೂ ಕಾಟ ಹೆಚ್ಚು. ಮೂರು ತಿಂಗಳಾದರೂ ಅಂಕ ಇಳಿಯದಿದ್ದರೆ ಮಟ್ಟ, ಬಳಸಿದ ಗಂಟೆ, ನಿದ್ದೆ ಮೂರನ್ನೂ ಮತ್ತೆ ವಿಚಾರಿಸಿ, ಬೇಕೆನಿಸಿದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕಳಿಸುತ್ತೇನೆ.