ಊರ ಮುಂದೆ ಹಂಪ್ಸ್ ಬೇಕಾ? ಮೊದಲು ಟೇಪು ಹಿಡಿದು ನಿಲ್ಲಿ

ನಾನು ಸಿಂಧನೂರು ಕಡೆ ಶಾಲೆ ಮಕ್ಕಳ ವ್ಯಾನ್ ಓಡಿಸುತ್ತೇನೆ. ರಜೆ ಬಂದರೆ ತಮ್ಮನ ಟಾಟಾ ಏಸ್‌ನಲ್ಲಿ ಅಕ್ಕಿ ಮೂಟೆ ಸಾಗಿಸುತ್ತೇನೆ. ಹಾಗಾಗಿ ಹಂಪ್ಸ್ ಬೇಕು ಅನ್ನುವ ತಾಯಂದಿರ ಮಾತೂ ಕೇಳಿದ್ದೇನೆ, ಬೇಡವೇ ಬೇಡ ಅನ್ನುವ ಡ್ರೈವರ್‌ಗಳ ಮಾತೂ ಕೇಳಿದ್ದೇನೆ. ಮಕ್ಕಳು ರಸ್ತೆ ದಾಟುವ ಕಡೆ ಹಂಪ್ಸ್ ಬೇಕೇ ಬೇಕು. ಆದರೆ ಅಪಘಾತ ಆದ ಮರುದಿನ ಸಿಟ್ಟಿನಲ್ಲಿ ನಾಲ್ಕು ಬುಟ್ಟಿ ಕಾಂಕ್ರೀಟ್ ಸುರಿದು ಕಟ್ಟುವ ದಿಬ್ಬ ಹಂಪ್ಸ್ ಅಲ್ಲ. ರಾತ್ರಿ ಬರುವ ಬೈಕಿನವನಿಗೆ ಅದೇ ಕುತ್ತು. ಸರಿಯಾದದ್ದನ್ನು ಕೇಳಿ ಹಾಕಿಸಿಕೊಳ್ಳುವುದು ಹೇಗೆ ಅಂತ ಹೇಳುತ್ತೇನೆ.

ಮೊದಲು ಅಳತೆ ತಿಳಿದುಕೊಳ್ಳಿ. ರಸ್ತೆಗಳಿಗೆ ಮಾನದಂಡ ಹಾಕಿಕೊಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆ 1988ರಲ್ಲೇ ಹಂಪ್ಸ್‌ಗೆ ಅಂತಲೇ ಮಾರ್ಗಸೂಚಿ ತಂದಿದೆ. ಅದರ ಸಂಖ್ಯೆ 99. 2018ರಲ್ಲಿ ಅದನ್ನು ಪರಿಷ್ಕರಿಸಿದ್ದಾರೆ. 1988ರ ಅಳತೆ ಹೀಗಿದೆ: ಗಾಡಿ ಹೋಗುವ ದಿಕ್ಕಿನಲ್ಲಿ ಹಂಪ್ಸ್‌ನ ಉದ್ದ 3.7 ಮೀಟರ್, ನಡುವೆ ಎತ್ತರ 10 ಸೆಂಟಿಮೀಟರ್. ನಮ್ಮ ಲೆಕ್ಕದಲ್ಲಿ ಹನ್ನೆರಡು ಅಡಿ ಉದ್ದ, ನಾಲ್ಕು ಇಂಚು ಎತ್ತರ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಆರಾಮಾಗಿ ದಾಟಲಿ ಅಂತ ಈ ಲೆಕ್ಕ. ಹಂಪ್ಸ್‌ಗಿಂತ 40 ಮೀಟರ್ ಮೊದಲೇ ತ್ರಿಕೋನದ ಎಚ್ಚರಿಕೆ ಫಲಕ ಇರಬೇಕು. ಹಂಪ್ಸ್ ಮೈಮೇಲೆ ಕಪ್ಪು ಬಿಳಿ ಪಟ್ಟೆ ಇರಬೇಕು.

ಹನ್ನೆರಡು ಅಡಿ ಯಾಕೆ? ಕಾರಿನ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ ಸುಮಾರು ಎಂಟು ಅಡಿ ಇರುತ್ತದೆ. ಹನ್ನೆರಡು ಅಡಿಯ ಉಬ್ಬಿನ ಮೇಲೆ ಇಡೀ ಗಾಡಿ ನಿಧಾನ ಏರಿ ನಿಧಾನ ಇಳಿಯುತ್ತದೆ. ವೇಗ ಜಾಸ್ತಿ ಆದಷ್ಟೂ ಎತ್ತಿಹಾಕುತ್ತದೆ. ಒಂದೇ ಅಡಿ ಉದ್ದದ ದಿಬ್ಬದಲ್ಲಿ ಇದು ಉಲ್ಟಾ. ನಿಧಾನ ಹೋದವನಿಗೆ ಸೊಂಟ ಹಿಡಿಯುತ್ತದೆ. ಜೋರಾಗಿ ಹೋದವನ ಪೆಟ್ಟನ್ನು ಟಯರು, ಶಾಕ್ ಅಬ್ಸರ್ವರ್ ನುಂಗಿಬಿಡುತ್ತವೆ. ಅಂದರೆ ನಿಯಮ ಪಾಲಿಸಿದವನಿಗೇ ಶಿಕ್ಷೆ. ಇಂಥ ದಿಬ್ಬದ ಮೇಲೆ ನನಗೆ ಇಷ್ಟು ಸಿಟ್ಟು ಬರುವುದು ಇದಕ್ಕೇ.

ನಿಮ್ಮೂರಿನ ಹಂಪ್ಸ್ ಅಳೆಯಲು ಇಂಜಿನಿಯರ್ ಬೇಕಿಲ್ಲ. 30 ಸೆಂಟಿಮೀಟರ್ ಉದ್ದದ ಎರಡು ಕೋಲು ತೆಗೆದುಕೊಳ್ಳಿ. ಉಬ್ಬು ಶುರುವಾಗುವ ಕಡೆ ಒಂದು, ಮುಗಿಯುವ ಕಡೆ ಒಂದು ನೆಟ್ಟಗೆ ಹಿಡಿಸಿ. ಎರಡರ ತುದಿಗೂ ದಾರ ಬಿಗಿಯಾಗಿ ಎಳೆಯಿರಿ. ನಡುವೆ ದಾರದಿಂದ ಉಬ್ಬಿನ ನೆತ್ತಿಗೆ ಎಷ್ಟಿದೆ ನೋಡಿ. 20 ಸೆಂಟಿಮೀಟರ್ ಇದ್ದರೆ ಹಂಪ್ಸ್ ಎತ್ತರ 10, ಸರಿಯಾಗಿದೆ. 12 ಮಾತ್ರ ಇದ್ದರೆ ಎತ್ತರ 18. ಅಂಥದ್ದರ ಮೇಲೆ ಮೂಟೆ ತುಂಬಿದ ಗಾಡಿಯ ಹೊಟ್ಟೆ ತಾಗುತ್ತದೆ. ಟೇಪು ಹಿಡಿದಿರುವಾಗಲೇ ಫೋಟೊ ತೆಗೆಯಿರಿ. ಎರಡೂ ಕಡೆ ಒಬ್ಬೊಬ್ಬರು ನಿಂತು ಬರುವ ಗಾಡಿಗಳನ್ನು ನಿಲ್ಲಿಸಲಿ.

ಆಮೇಲೆ ರಸ್ತೆ ಯಾರದು ಅಂತ ನೋಡಿ. ಮೈಲಿಗಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ. ಹಸಿರಿದ್ದರೆ ರಾಜ್ಯ ಹೆದ್ದಾರಿ. ಸಿಂಧನೂರಿಂದ ಸಿರುಗುಪ್ಪ, ಬಳ್ಳಾರಿ ಕಡೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿ. ಅಲ್ಲಿ ಹಂಪ್ಸ್ ಕೇಳಬೇಡಿ. ರಾಷ್ಟ್ರೀಯ ಹೆದ್ದಾರಿಯ ಮೇಲಿನ ಹಂಪ್ಸ್ ತೆಗೆಯಿರಿ ಅಂತ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2016ರಲ್ಲೇ ಹೇಳಿದೆ. ಅಲ್ಲಿ ಗಡಗಡ ಅನ್ನುವ ರಂಬಲ್ ಪಟ್ಟೆ, ಬೀದಿ ದೀಪ, ಫಲಕ ಕೇಳಿ. ಹೆದ್ದಾರಿಗೆ ಬಂದು ಕೂಡುವ ಊರ ರಸ್ತೆಯ ಮೇಲೆ ಹಂಪ್ಸ್ ಕೇಳಿ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆಗೆ ಲೋಕೋಪಯೋಗಿ ಇಲಾಖೆ. ಪಟ್ಟಣದ ಒಳಗಿನ ಬೀದಿಗೆ ನಗರಸಭೆ. ಹಳ್ಳಿ, ವಲಸಿಗರ ಕ್ಯಾಂಪುಗಳ ಒಳರಸ್ತೆಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ಹೋಗಿ.

ಅರ್ಜಿ ಒಂದೇ ಹಾಳೆ ಸಾಕು. ಜಾಗ, ಶಾಲೆ ಬಿಡುವ ಹೊತ್ತು, ಅಲ್ಲಿ ಆದ ಅಪಘಾತ, ಅಳತೆ, ಫೋಟೊ. ‘ಹಂಪ್ಸ್ ಹಾಕಿಸಿಕೊಡಿ’ ಅಂತ ಬರೆದು ಸುಮ್ನೆ ಬರಬೇಡಿ. 3.7 ಮೀಟರ್ ಉದ್ದ, 10 ಸೆಂಟಿಮೀಟರ್ ಎತ್ತರ, ಪಟ್ಟೆ, 40 ಮೀಟರ್ ಮೊದಲು ಫಲಕ ಅಂತ ಬಿಡಿಸಿ ಬರೆಯಿರಿ. ಗ್ರಾಮಸಭೆಯಲ್ಲಿ ಠರಾವು ಆದರೆ ಇನ್ನೂ ಒಳ್ಳೆಯದು. ಒಂದು ಪ್ರತಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಕೊಡಿ. ಸ್ವೀಕೃತಿ ಸೀಲ್ ಇಲ್ಲದೆ ಕಚೇರಿಯಿಂದ ಹೊರಗೆ ಬರಬೇಡಿ. ತಿಂಗಳುಗಟ್ಟಲೆ ಉತ್ತರ ಬರದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ನಿಮ್ಮ ಅರ್ಜಿ ಯಾವ ಟೇಬಲ್ ಮೇಲಿದೆ ಅಂತ 30 ದಿನದೊಳಗೆ ಅವರು ಹೇಳಬೇಕು.

ಹಂಪ್ಸ್ ಜೊತೆಗೆ ವೇಗಮಿತಿ ಫಲಕವನ್ನೂ ಕೇಳಿ. ಕೆಂಪು ಅಂಚಿನ ದುಂಡು ಫಲಕದಲ್ಲಿ 30 ಅಂತ ಇದ್ದರೆ ಅದು ಸಲಹೆ ಅಲ್ಲ, ಕಾನೂನು. ಕೇಂದ್ರ 2018ರಲ್ಲಿ ಪಟ್ಟಣದ ಮಿತಿಯೊಳಗೆ ಕಾರಿಗೆ 70, ಬೈಕಿಗೆ 60, ಆಟೋಗೆ 50 ಅಂತ ಗರಿಷ್ಠ ವೇಗ ಗೊತ್ತು ಮಾಡಿತ್ತು. ಶಾಲೆ ಮುಂದೆ ಅಷ್ಟು ವೇಗ ಹೇಗೆ ಒಪ್ಪುತ್ತೀರಿ? 60ರಲ್ಲಿ ಒಂದು ಸೆಕೆಂಡಿಗೆ ಗಾಡಿ ಸುಮಾರು 17 ಮೀಟರ್ ಓಡುತ್ತದೆ. ಮಗು ಅಡ್ಡ ಬಂದದ್ದು ಕಣ್ಣಿಗೆ ಬಿದ್ದು ಬ್ರೇಕ್ ಮೇಲೆ ಕಾಲಿಡುವಷ್ಟರಲ್ಲೇ ಆ ದೂರ ಮುಗಿದಿರುತ್ತದೆ. 30ರಲ್ಲಿ ಅದರ ಅರ್ಧ.

ಬೇಡ ಅನ್ನುವವರ ಮಾತನ್ನೂ ಕೇಳಿಸಿಕೊಳ್ಳಿ. ಭತ್ತದ ಸುಗ್ಗಿಯಲ್ಲಿ ಟ್ರ್ಯಾಕ್ಟರ್‌ನವರು ಟ್ರಾಲಿಯ ಕೊಂಡಿ ಬಗ್ಗುತ್ತದೆ ಅನ್ನುತ್ತಾರೆ. ಬಸ್ಸಿನವರು ಟೈಮ್ ಸಿಗಲ್ಲ ಅನ್ನುತ್ತಾರೆ. ಆಂಬುಲೆನ್ಸ್ ಡ್ರೈವರ್‌ಗಳ ಮಾತು ನನ್ನನ್ನು ಹೆಚ್ಚು ಕಾಡುತ್ತದೆ. ಹೆರಿಗೆ ನೋವಿನಲ್ಲಿರುವ ಹೆಣ್ಣುಮಗಳನ್ನು ಒಂದಾದ ಮೇಲೊಂದು ದಿಬ್ಬದ ಮೇಲೆ ಕರೆದೊಯ್ಯುವ ಸಂಕಟ ಅವರಿಗೇ ಗೊತ್ತು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಒಂದು ಸಾಕಾದ ಕಡೆ ಮೂರು ಕೇಳಬೇಡಿ. ಸಾಲಾಗಿ ಹಾಕುವುದೇ ಆದರೆ ನಡುವೆ 100ರಿಂದ 120 ಮೀಟರ್ ಅಂತರ ಇರಬೇಕು.

ಇನ್ನು ದಾಟುವ ರೀತಿ. ಬ್ರೇಕ್ ಹಂಪ್ಸ್‌ಗಿಂತ ಮೊದಲೇ ಮುಗಿಯಲಿ. ಸೆಕೆಂಡ್ ಗೇರ್‌ಗೆ ಬನ್ನಿ. ಮುಂದಿನ ಗಾಲಿ ಏರುವಾಗ ಬ್ರೇಕ್ ಬಿಡಿ, ಇಲ್ಲದಿದ್ದರೆ ಮೂತಿ ಬಗ್ಗಿಕೊಂಡೇ ಹತ್ತುತ್ತದೆ. ಮುಂದಿನ ಎರಡೂ ಗಾಲಿ ಒಟ್ಟಿಗೆ ಏರುವಂತೆ ನೇರ ಹೋಗಿ. ಅಂಚಿನ ಸಂದಿಯಲ್ಲಿ ಒಂದು ಗಾಲಿ ಇಳಿಸಿ ನುಸುಳುವವರಿದ್ದಾರೆ. ಲೋಡ್ ಇರುವ ಟಂಟಂ (ಮೂರು ಗಾಲಿಯ ಗಾಡಿ) ಮಗುಚುವುದು ಹಾಗೆಯೇ. ವ್ಯಾನ್‌ನಲ್ಲಿ ಜೋರು ಪೆಟ್ಟು ಬೀಳುವುದು ಹಿಂದಿನ ಗಾಲಿಗೂ ಹಿಂದೆ ಕೂತವರಿಗೆ. ಚಿಕ್ಕ ಮಕ್ಕಳನ್ನು, ಬಸುರಿಯರನ್ನು ನಡುವಿನ ಸೀಟಿನಲ್ಲಿ ಕೂರಿಸಿ.

ಹಂಪ್ಸ್ ಬಂದ ಮೇಲೂ ಕೆಲಸ ಇದೆ. ನಾಟಿ ಕಾಲದಲ್ಲಿ ಟ್ರ್ಯಾಕ್ಟರ್‌ಗಳು ಗದ್ದೆಯ ಕೆಸರನ್ನು ರಸ್ತೆಗೆ ತರುತ್ತವೆ. ಬಿಳಿ ಪಟ್ಟೆ ಮುಚ್ಚಿಹೋಗುತ್ತದೆ. ಕಬ್ಬಿಣದ ಗಾಲಿ ಹಾಕಿಕೊಂಡೇ ಬಂದರೆ ಡಾಂಬರೂ ಕಿತ್ತು ಬರುತ್ತದೆ. ಅಂಥವರನ್ನು ಊರಿನವರೇ ತಡೆದು ಹೇಳಬೇಕು. ಕೆಸರು ಕಂಡ ದಿನ ಸಂಜೆಯೊಳಗೆ ನಾಲ್ಕು ಕೊಡ ನೀರು ಹಾಕಿ ಪೊರಕೆಯಿಂದ ತಿಕ್ಕಿ. ಪಟ್ಟೆ ಮಾಸಿದ್ದರೆ ಬಣ್ಣಕ್ಕೆ ಮತ್ತೆ ಅರ್ಜಿ ಕೊಡಿ, ಹಳೆಯ ಸ್ವೀಕೃತಿಯ ಪ್ರತಿಯನ್ನೂ ಅದಕ್ಕೆ ಲಗತ್ತಿಸಿ.